ಕಸದ ರೇಟು, ಕೈಯ ಕೂಲಿ

ಬೀದರಿನಲ್ಲಾಗಲಿ ಭಾಲ್ಕಿಯಲ್ಲಾಗಲಿ, ರದ್ದಿ ಮಾರುವ ಮನೆಯ ಯಜಮಾನನ ಕಣ್ಣು ತಕ್ಕಡಿಯ ಮೇಲೇ ಇರುತ್ತದೆ. ಕಿಲೋಕ್ಕೆ ಎಂಟಾಣೆ ಕಮ್ಮಿಯಾದರೂ ಗಾಡಿಯವನೊಂದಿಗೆ ಜಗಳ. ಅದೇ ಮನೆಯ ಉಳಿದ ಹೊಲಸನ್ನು ದಿನಾ ಒಯ್ಯುವುದಕ್ಕೆ ತಿಂಗಳಿಗೆ ಇಷ್ಟು ಕೊಡ್ರಿ ಅಂದರೆ, ‘ಕಸಕ್ಕೂ ರೊಕ್ಕ ಕೊಡಬೇಕೇನ್ರಿ?’ ಎಂಬ ಮಾತು ಬರುತ್ತದೆ. ಈ ಪ್ರಶ್ನೆಯನ್ನು ನಾವು ಜಿಪುಣತನ ಎಂದು ತಳ್ಳಿಹಾಕುವುದಿಲ್ಲ. ಅದರ ಬೇರು ಆಳದಲ್ಲಿದೆ. ಈ ಕೆಲಸಕ್ಕೆ ಒಂದು ಜಾತಿ ಇದೆ, ಅದು ಹುಟ್ಟಿದ್ದೇ ಇದಕ್ಕಾಗಿ, ಅದಕ್ಕೆ ಹಬ್ಬದ ದಿನ ಹಳಸಿದ ರೊಟ್ಟಿ ಹಾಕಿದರೆ ಲೆಕ್ಕ ಚುಕ್ತಾ ಎಂದು ಸಾವಿರ ವರ್ಷ ನಂಬಿದ ಸಮಾಜದ ಬಾಯಲ್ಲಿ ಬೇರೆ ಯಾವ ಪ್ರಶ್ನೆ ಬಂದೀತು? ಪುಕ್ಕಟೆ ಎಂದು ಇವರು ತಿಳಿದದ್ದಕ್ಕೆ ಬೆಲೆ ಕೊಡುತ್ತಾ ಬಂದವರು ನಮ್ಮ ತಾಯಂದಿರು.

1970ರ ದಶಕದ ಮೊದಲಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಬುಟ್ಟಿ ತಲೆಯಿಂದ ಇಳಿಯಿತು. ಈಗ ಅದೇ ಕೈಗಳಲ್ಲಿ ಗೋಣಿಚೀಲ ಇದೆ. ಚೀಲದೊಳಗೆ ಹಾಲಿನ ಪಾಕೀಟು, ನೀರಿನ ಬಾಟಲಿ, ರಟ್ಟು, ಒಡೆದ ಗಾಜು. ಅದರೊಟ್ಟಿಗೆ ಮಕ್ಕಳ ಡೈಪರ್ರು, ರಕ್ತದ ಹತ್ತಿ, ಸೂಜಿ. ಇದನ್ನು ಬೇರ್ಪಡಿಸುವುದಕ್ಕೆ ಪೇಟೆಯಲ್ಲಿ ‘ಮರುಬಳಕೆ’ ಎಂಬ ಚೆಂದದ ಹೆಸರು. ಬೇರ್ಪಡಿಸುವವಳಿಗೆ ಮಾತ್ರ ಹೆಸರಿಲ್ಲ.

ನಮ್ಮ ಜಿಲ್ಲೆಯ ಕಲ್ಯಾಣದಲ್ಲೇ ಒಬ್ಬ ಆಯ್ದಕ್ಕಿ ಮಾರಯ್ಯನಿದ್ದ. ಬೇರೆಯವರು ಚೆಲ್ಲಿದ ಅಕ್ಕಿ ಆಯುವುದೇ ಅವನ ಕಾಯಕ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಿರುಗಿ ಚೆಲ್ಲಿಬರಲು ಕಳಿಸಿದಳು ಎಂಬುದು ಎಲ್ಲರೂ ಕೊಂಡಾಡುವ ಕಥೆ. ಆಯುವ ಮಾರಯ್ಯ ಶರಣ, ಆಯುವ ನಮ್ಮವಳು ಕಳ್ಳಿ! ಅವಳನ್ನು ಕಂಡರೆ ಗೇಟು ಹಾಕುತ್ತಾರೆ, ನಾಯಿ ಬಿಡುತ್ತಾರೆ. ಇವತ್ತಿನ ಲಕ್ಕಮ್ಮನಿಗೆ ಹೆಚ್ಚಿನದನ್ನು ತಿರುಗಿಸುವ ಭಾಗ್ಯವೂ ಇಲ್ಲ, ಯಾಕಂದರೆ ಗುಜರಿಯವನು ತೂಕದ ಮೇಲೆ ಕೊಡುತ್ತಾನೆ, ಅದೂ ಅವನಿಗೆ ತೋಚಿದ ರೇಟು.

2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕು, ಮನೆಯವರು ಸೇವಾಶುಲ್ಕ ಕೊಡಬೇಕು, ಕಸ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಎಂದವು. ಮೂರನ್ನೂ ಒಟ್ಟಿಗೇ ಹೇಳಿದವು. ಊರಾಳುವವರ ಕಿವಿಗೆ ಬೇಗ ಬೀಳುವುದು ಶುಲ್ಕ ಎಂಬ ಮಾತೊಂದೇ.

ಶುಲ್ಕವನ್ನೇ ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ಬೀದರಿನಲ್ಲಿ ಎರಡು ಲಕ್ಷ ದಾಟಿದ ಜನ, ಭಾಲ್ಕಿಯಲ್ಲಿ ಸುಮಾರು 40 ಸಾವಿರ, ಔರಾದಿನಲ್ಲಿ 20 ಸಾವಿರದ ಹತ್ತಿರ. ಔರಾದಿನಲ್ಲಿ 4,000 ಮನೆ ಎಂದು ಹಿಡಿಯಿರಿ. ಗಾಡಿಯೊಂದಕ್ಕೆ 800 ಮನೆಯಾದರೆ ಐದು ಗಾಡಿ, ಹತ್ತು ಜನ. ಒಬ್ಬರಿಗೆ 18,000 ಕೊಟ್ಟರೆ ತಿಂಗಳಿಗೆ 1,80,000. ಅಂದರೆ ಮನೆಗೆ 45 ರೂಪಾಯಿ. ಡೀಸೆಲ್ಲು, ಕೈಗವಸು, ಬೂಟು, ಭವಿಷ್ಯನಿಧಿ ಸೇರಿದರೆ ಮತ್ತಷ್ಟು. ಶುಲ್ಕವನ್ನು 20 ರೂಪಾಯಿಗೆ ಇಳಿಸಿ ‘ಜನಪರ’ ಅನ್ನಿಸಿಕೊಳ್ಳುವ ಕೌನ್ಸಿಲರನನ್ನು ನಾವು ಕೇಳುವುದು ಇಷ್ಟೆ: ಉಳಿದದ್ದು ಯಾರ ಹೊಟ್ಟೆಯಿಂದ ಬಂತು? ಇಲ್ಲಿಯ ಬಿದರಿ ಹೂಜಿಯಲ್ಲಿ ಸತು, ತಾಮ್ರಕ್ಕಿಂತ ಕೈಯ ಬೆಲೆ ಹೆಚ್ಚು ಎಂದು ಎಲ್ಲರೂ ಒಪ್ಪುತ್ತಾರೆ. ಅದಕ್ಕೆ ಬಳಿಯುವ ಕೋಟೆಯ ಮಣ್ಣಿಗೂ ಬೆಲೆ ಇದೆ.

ಸಣ್ಣ ಊರಿಗೆ ಇನ್ನೊಂದು ಪೆಟ್ಟು. ಒತ್ತಿ ಕಟ್ಟದ ಬಾಟಲಿ ಅಂದರೆ ಗಾಳಿ. ಔರಾದಿನಿಂದ ಬೀದರಿಗೆ ಸುಮಾರು 40 ಕಿ.ಮೀ. ಲಾರಿಯಲ್ಲಿ ಗಾಳಿ ಸಾಗಿಸಿದರೆ ಬಾಡಿಗೆಯೂ ಹುಟ್ಟುವುದಿಲ್ಲ. ಮೂರೂ ಊರು ಸೇರಿ ಒತ್ತುಯಂತ ಇಟ್ಟುಕೊಂಡು, ಒಟ್ಟಿಗೆ ಮಾರಿದರೆ ಮಾತು ಬೇರೆ. ಬೀದರಿನ ದೊಡ್ಡ ಪೇಟೆ ಔರಾದಿನ ಖೋತಾ ಹೊರಲಿ ಎಂಬುದು ನಮ್ಮ ಮತ. ಗಡಿಯ ಊರು ಎಂಬ ಶಾಪವನ್ನು ಕಸದಲ್ಲೂ ಅನುಭವಿಸಬೇಕೆ?

ಎಲ್ಲರಿಗೂ ಒಂದೇ ದರ ಎಂಬುದು ಸಮಾನತೆಯ ವೇಷ ತೊಟ್ಟ ಅನ್ಯಾಯ. ಬೆಂಗಳೂರಿನಲ್ಲಿ 2025ರಲ್ಲಿ ಕಟ್ಟಡದ ವಿಸ್ತೀರ್ಣ ನೋಡಿ ಮನೆಗೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಶುಲ್ಕ ಗೊತ್ತುಮಾಡಿದರು. ಅಷ್ಟಾದರೂ ಬೇಕು. ಗಾಡಿಯೇ ಬಾರದ ಕೇರಿಯಿಂದ ಬಿಡಿಗಾಸೂ ಕೇಳಬಾರದು. ದಕ್ಷಿಣ ಕೊರಿಯಾದಂತೆ (1995ರಿಂದ ಅಲ್ಲಿ ಕಸದ ಚೀಲವನ್ನೇ ದುಡ್ಡು ಕೊಟ್ಟು ಕೊಳ್ಳಬೇಕು) ಇಲ್ಲೂ ಮಾಡೋಣ ಎನ್ನುವವರಿದ್ದಾರೆ. ಮಾಡಿ ನೋಡಲಿ, ಆ ಚೀಲದ ದುಡ್ಡು ಉಳಿಸಲು ಕಸ ರಾತ್ರೋರಾತ್ರಿ ಎಲ್ಲಿ ಬೀಳುತ್ತದೆ ಎಂಬುದು ನಾಲಾ ದಂಡೆಯ ನಮ್ಮ ಜನಕ್ಕೆ ಗೊತ್ತು.

ಪುಣೆಯಲ್ಲಿ ಕಸ ಆಯುವವರು, ಬಹುಪಾಲು ದಲಿತ ಹೆಂಗಸರು, 1993ರಲ್ಲಿ ಸಂಘ ಕಟ್ಟಿದರು. ಅವರಲ್ಲಿ ಹಲವರು 1972ರ ಬರಕ್ಕೆ ಮರಾಠವಾಡಾ ಬಿಟ್ಟ ಕುಟುಂಬದವರು. ಔರಾದಿನ ಗಡಿಯಾಚೆಯ ನಮ್ಮ ನೆಂಟರೇ ಅನ್ನಿ. ಮುಂದೆ ಅವರ ಸಹಕಾರ ಸಂಸ್ಥೆ ‘ಸ್ವಚ್ಛ’, ಮಹಾನಗರಪಾಲಿಕೆಯೊಂದಿಗೆ ಕರಾರು ಮಾಡಿಕೊಂಡಿತು. ಮನೆಯವರು ಶುಲ್ಕ ಕೊಡುವುದು ಕೆಲಸ ಮಾಡುವವರ ಕೈಗೇ. ಒಣಕಸ ಮಾರಿದ ದುಡ್ಡೂ ಅವರದೇ.

ನಮ್ಮಲ್ಲಿ ಇದು ತಿರುವುಮುರುವಾಗುವ ಭಯವಿದೆ. ಕಸದಲ್ಲಿ ಲಾಭವಿದೆ ಎಂದು ಗೊತ್ತಾದ ದಿನ, ಮೂಗು ಮುಚ್ಚಿಕೊಳ್ಳುತ್ತಿದ್ದವರೇ ಟೆಂಡರಿಗೆ ಅರ್ಜಿ ಹಾಕುತ್ತಾರೆ. ಆಗ ರಟ್ಟು, ಬಾಟಲಿ ಗುತ್ತಿಗೆದಾರನ ಸ್ವತ್ತು, ಹೊಲಸು ಮಾತ್ರ ನಮ್ಮ ಸ್ವತ್ತು. ಟೆಂಡರು ಕರೆಯುವ ಮೊದಲೇ ಆಯುವವರ ಪಟ್ಟಿ ಆಗಬೇಕು, ಗುರುತಿನ ಚೀಟಿ ಸಿಗಬೇಕು, ಒಣಕಸದ ಹಕ್ಕು ಅವರ ಸಂಘದ ಹೆಸರಿನಲ್ಲಿ ಬರಹದಲ್ಲಿರಬೇಕು. ಅವಳ ಮಗಳು ಈ ಕೆಲಸಕ್ಕೆ ಬರದಿದ್ದರೆ ಯಾರು ಮಾಡುತ್ತಾರೆ ಎಂದು ಕೇಳುವವರೂ ಸಿಗುತ್ತಾರೆ. ಬರದೇ ಇರಲಿ. ಆಗ ತಕ್ಕಡಿ ಹಿಡಿದ ಯಜಮಾನ ಹೇಳಲಿ, ತನ್ನ ಮಗನನ್ನು ಕಳಿಸಲು ತಿಂಗಳಿಗೆ ಎಷ್ಟು ಕೇಳುತ್ತಾನೆಂದು. ದರಪಟ್ಟಿಗೆ ಆ ಅಂಕಿಯನ್ನೇ ಬರೆದುಕೊಳ್ಳೋಣ.