ಉತ್ತರಕುಮಾರನ ಎರಡನೆಯ ಸರದಿ

ಆಟ ಅರ್ಧಕ್ಕೆ ಬಿಟ್ಟು ಹೋದ ಕಾಲೇಜು ವಿದ್ಯಾರ್ಥಿ ಒಂದೆರಡು ವರ್ಷದ ಮೇಲೆ ಮತ್ತೆ ಮೈದಾನಕ್ಕೆ ಬಂದು ನಿಂತರೆ ಸೇರಿಸಿಕೊಳ್ಳಬೇಕೆ? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರ ಯಾವಾಗಲೂ ಸಿದ್ಧ. 'ಪಾಪ, ಚಿಕ್ಕ ಹುಡುಗ, ಇನ್ನೊಂದು ಅವಕಾಶ ಕೊಡಿ' ಎನ್ನುವವರು ಕೆಲವರು. 'ಅವನೇ ತಾನೆ ಬಿಟ್ಟು ಹೋದದ್ದು, ಅನುಭವಿಸಲಿ' ಎನ್ನುವವರು ಕೆಲವರು. ಇಬ್ಬರೂ ಅಳೆಯುವುದು ಒಂದನ್ನೇ: ಅವನಿಗೆ ಅರ್ಹತೆ ಇದೆಯೇ, ಇಲ್ಲವೇ. ಒಬ್ಬರು ಕರುಣೆಯಿಂದ ಅಳೆಯುತ್ತಾರೆ, ಇನ್ನೊಬ್ಬರು ಸಿಟ್ಟಿನಿಂದ. ಆ ಅಳತೆಯೇ ಈ ಕೆಲಸಕ್ಕೆ ಬಾರದ್ದು ಎಂಬುದು ನನ್ನ ತಕರಾರು.

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ನಾನೂರು ಮೀಟರ್ ಓಟಗಾರ. ಕನಕಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಬೆಂಗಳೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟದಲ್ಲಿ ಪದಕ ಬಂದರೆ ಯೂನಿವರ್ಸಿಟಿ ತಂಡ, ಅಲ್ಲಿಂದ 'ಬ್ಲೂ' ಗೌರವ, ಆಮೇಲೆ ಪೊಲೀಸೋ ರೈಲ್ವೆಯೋ ಕೆಲಸ ಎಂಬುದು ಅವನ ಮನಸ್ಸಿನ ನಕ್ಷೆ. ಓಟಗಾರ ಅಂದಮೇಲೆ ಬೆಳಗಿನ ಜಾವ ಐದಕ್ಕೆ ಎದ್ದು ರಸ್ತೆಗೆ ಇಳಿಯಬೇಕು. ಆದರೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ವಲಯಗಳಲ್ಲಿ ಒಂದಕ್ಕೆ ಕೋಡಿಹಳ್ಳಿ ವಲಯ ಎಂದೇ ಹೆಸರು. ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಆನೆ ಇಳಿಯುವ ಸೀಮೆ ಅದು. ಐದು ಗಂಟೆಗೆ ಒಬ್ಬನೇ ಓಡುತ್ತೇನೆ ಎಂದರೆ ಮನೆಯಲ್ಲಿ ಯಾವ ತಾಯಿಯೂ ಒಪ್ಪುವುದಿಲ್ಲ. ಬೆಳಕು ಹರಿದ ಮೇಲೆ ಓಡೋಣವೆಂದರೆ ಬಸ್ಸಿನ ಹೊತ್ತು.

ಇನ್ನು ಹುಳದ ಮನೆ. ರೇಷ್ಮೆ ಮಾಡುವ ಮನೆಯವರನ್ನು ಕೇಳಿ, ಪೊರೆ ಕಳಚುವ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನ ಏನೆಂದು ಹೇಳುತ್ತಾರೆ. ಹುಳ ತನ್ನ ಇಡೀ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಶೇ. 80ಕ್ಕೂ ಹೆಚ್ಚು ಭಾಗವನ್ನು ತಿನ್ನುವುದು ಆ ದಿನಗಳಲ್ಲೇ. ಹೊತ್ತು ಮೂಡುವ ಮೊದಲು ಕಡ್ಡಿ ಕೊಯ್ದು ಹೊತ್ತು ತರಬೇಕು, ರಾತ್ರಿ ಮಲಗುವ ಮುಂಚೆ ಮತ್ತೊಮ್ಮೆ ಹಾಕಬೇಕು. ಹುಳ ಹಣ್ಣಾಗತೊಡಗಿದರೆ ಮನೆಯ ಮಂದಿಯೆಲ್ಲ ಕೈಹಚ್ಚಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಆವತ್ತಿನ ಕೆಲಸ ನಾಳೆಗೆ ಉಳಿಯುವಂತಿಲ್ಲ. ಆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಬಂದ ಹಣದಲ್ಲೇ ಹುಡುಗನ ಫೀಸು, ಶೂ. ಅಂಥ ವಾರದಲ್ಲಿ ಅಪ್ಪನ ಸೊಂಟ ಹಿಡಿದುಕೊಂಡರೆ ಮೈದಾನ ತಪ್ಪುತ್ತದೆ. ಒಂದು ವಾರ ತಪ್ಪಿದ್ದು ಎರಡಾಗುತ್ತದೆ, ಆಮೇಲೆ ಮುಖ ತೋರಿಸಲು ನಾಚಿಕೆ. ಪಿ.ಟಿ. ಮೇಷ್ಟ್ರ ಹಾಜರಿ ಪುಸ್ತಕದಲ್ಲಿ ಇದೆಲ್ಲ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಬಿಟ್ಟ.

ಹುಡುಗಿಯಾದರೆ ಕಾರಣಗಳ ಪಟ್ಟಿ ಇನ್ನೂ ಉದ್ದ, ಅದು ಗೊತ್ತಿರುವುದೇ. ಒಂದನ್ನು ಮಾತ್ರ ಹೇಳುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸಿನ ಟಿಕೆಟ್ ಉಚಿತ, ನಿಜ. ಆದರೆ ಸಂಜೆ ಆರೂವರೆಗೆ ಅಭ್ಯಾಸ ಮುಗಿಸಿ ಬಂದವಳಿಗೆ ಟಿಕೆಟ್ಟಿನ ಜೊತೆಗೆ ಬಸ್ಸೂ ಬೇಕಾಗುತ್ತದೆ.

ಈಗ ಹೇಳಿ, ಇವರು ಎರಡು ವರ್ಷದ ಮೇಲೆ ತಿರುಗಿ ಬಂದರೆ 'ಯಾಕೆ ಬಿಟ್ಟೆ' ಎಂದು ವಿಚಾರಣೆ ನಡೆಸಿ ಅರ್ಹತೆ ತೀರ್ಮಾನಿಸುವವರು ಯಾರು? ಬಿಟ್ಟ ಕಾರಣ ಬಡತನವಾಗಿದ್ದರೆ ಸೇರಿಸಿಕೊಳ್ಳುತ್ತೇವೆ, ಸೋಮಾರಿತನವಾಗಿದ್ದರೆ ಇಲ್ಲ ಎಂದು ನಿಯಮ ಮಾಡಿ ನೋಡಿ. ಎಲ್ಲರೂ ಬಡತನದ ಕತೆ ಹೇಳುತ್ತಾರೆ. ಚೆನ್ನಾಗಿ ಹೇಳಬಲ್ಲವನು ಒಳಗೆ ಬರುತ್ತಾನೆ, ಮಾತು ಬಾರದವನು ಹೊರಗೇ ಉಳಿಯುತ್ತಾನೆ. ಹತ್ತೊಂಬತ್ತರ ಹುಡುಗನಿಗೆ ತಾನು ಬಿಟ್ಟದ್ದು ಹುಳದಿಂದಲೋ, ಸೋಲಿನ ಹೆದರಿಕೆಯಿಂದಲೋ, ಒಂದು ಪ್ರೀತಿಯ ಗುಂಗಿನಿಂದಲೋ ಎಂಬುದು ಅವನಿಗೇ ಸರಿಯಾಗಿ ತಿಳಿದಿರುವುದಿಲ್ಲ. ತಿಳಿಯದ್ದನ್ನು ಅವನ ಬಾಯಿಂದ ಹೇಳಿಸಿ ಅದರ ಮೇಲೆ ತೀರ್ಪು ಕೊಡುವುದು ನ್ಯಾಯದ ವೇಷ ಹಾಕಿದ ನಾಟಕ.

ಓಡಿಹೋದವರಿಗೆ ನಮ್ಮ ಭಾಷೆಯಲ್ಲಿ ಒಬ್ಬ ಕುಲಪುರುಷನೇ ಇದ್ದಾನೆ. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಕ್ಕು ನಾವು ಅವನನ್ನು ಮುಗಿಸಿಬಿಟ್ಟಿದ್ದೇವೆ. ವಿರಾಟಪರ್ವವನ್ನು ನಗದೆ ನೋಡಿದರೆ ಅಲ್ಲಿ ಬೇರೆಯದೇ ನಡೆದಿದೆ. ಹೆಂಗಸರ ಮುಂದೆ ಕೊಚ್ಚಿಕೊಂಡು ಹೊರಟ ಹುಡುಗ ಕೌರವ ಸೇನೆಯನ್ನು ಕಂಡ ಕೂಡಲೇ ರಥದಿಂದ ಧುಮುಕಿ ಓಡಿದ. ಬೃಹನ್ನಳೆಯ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ. ತಂದವನು ಅವನಿಗೆ ಮತ್ತೆ ಬಿಲ್ಲು ಕೊಡಲಿಲ್ಲ, ಲಗಾಮು ಕೊಟ್ಟ. ನೀನು ಇದಕ್ಕೆ ಯೋಗ್ಯನೋ ಎಂದು ಪರೀಕ್ಷಿಸಲಿಲ್ಲ. ಅರ್ಜುನನಿಗೆ ಆ ಹೊತ್ತಿಗೆ ಒಬ್ಬ ಸಾರಥಿ ಬೇಕಾಗಿತ್ತು. ಅದೇ ಉತ್ತರ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನೊಡನೆ ಹೋರಾಡಿ ಸತ್ತ. ಗಾದೆಗೆ ಆ ಸಾವು ಗೊತ್ತಿಲ್ಲ.

ಇನ್ನೂ ಒಂದು ಸಂಗತಿ ಇದೆ. ಅದೇ ಕುರುಕ್ಷೇತ್ರದಲ್ಲಿ ಯುದ್ಧ ಶುರುವಾಗುವ ಮುನ್ನವೇ ಬಿಲ್ಲು ಕೆಳಗಿಟ್ಟು ಕೂತವನು ಸಾಕ್ಷಾತ್ ಅರ್ಜುನ. ಅವನನ್ನು ಎಬ್ಬಿಸಲು ಹದಿನೆಂಟು ಅಧ್ಯಾಯಗಳ ಸಮಾಧಾನ ಬೇಕಾಯಿತು. ಮಹಾವೀರ ಬಿಟ್ಟರೆ ವಿಷಾದಯೋಗ, ಪುಕ್ಕಲ ಬಿಟ್ಟರೆ ಗಾದೆ. ಇವತ್ತಿಗೂ ಲೆಕ್ಕ ಬದಲಾಗಿಲ್ಲ. 2021ರ ಟೋಕಿಯೊ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್ ತಂಡ ಸ್ಪರ್ಧೆಯಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಒಂದೇ ವಾಲ್ಟ್ ಮಾಡಿ ನಡುವೆ ನಿಲ್ಲಿಸಿದಾಗ ಬೈದವರೂ ಇದ್ದರು, ಆದರೆ ಜಗತ್ತೇ ಕೂತು ಅವರ ಮನಸ್ಸಿನ ಬಗ್ಗೆ ಚರ್ಚಿಸಿತು. ಅವರು ತಿರುಗಿ ಬಂದು 2024ರಲ್ಲಿ ಪ್ಯಾರಿಸ್‌ನಲ್ಲಿ 3 ಚಿನ್ನ, 1 ಬೆಳ್ಳಿ ಗೆದ್ದರು. ಕೋಡಿಹಳ್ಳಿಯ ಹುಡುಗನ ಮನಸ್ಸಿನ ಬಗ್ಗೆ ಚರ್ಚಿಸಲು ಟೀ ಅಂಗಡಿಯಲ್ಲೂ ಯಾರಿಗೂ ಪುರುಸೊತ್ತಿಲ್ಲ.

ಗೆದ್ದು ಬಂದವರ ಕತೆಗಳನ್ನು ಸಾಕ್ಷಿಯಾಗಿ ತರುವುದರ ತೊಡಕೂ ಇಲ್ಲೇ ಇದೆ. ಬೀದರ್‌ನಲ್ಲಿ ಹುಟ್ಟಿದ ವರುಣ್ ಚಕ್ರವರ್ತಿ ಹದಿನೇಳರ ವಯಸ್ಸಿನಲ್ಲಿ ಕ್ರಿಕೆಟ್ ಬಿಟ್ಟರು. ಚೆನ್ನೈನಲ್ಲಿ ಆರ್ಕಿಟೆಕ್ಚರ್ ಓದಿ, ಅದೇ ವೃತ್ತಿ ಮಾಡಿ, ಇಪ್ಪತ್ತೈದರ ಆಸುಪಾಸಿನಲ್ಲಿ ಮರಳಿದರು. ಹಿಂದೆ ವಿಕೆಟ್ ಕೀಪರ್ ಆಗಿದ್ದವರು ಮೊದಲು ವೇಗದ ಬೌಲಿಂಗ್ ಮಾಡಿ, ಮಂಡಿಗೆ ಪೆಟ್ಟಾದ ಮೇಲೆ ಸ್ಪಿನ್‌ಗೆ ಹೊರಳಿದರು. 2025ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಟ್ರೋಫಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 42 ರನ್‌ಗೆ 5 ವಿಕೆಟ್ ತೆಗೆದರು. ಚೆಂದದ ಕತೆ. ಆದರೆ ಇದರಿಂದ 'ನೋಡಿ, ಬಿಟ್ಟವನಿಗೆ ಅವಕಾಶ ಕೊಟ್ಟದ್ದು ಸಾರ್ಥಕವಾಯಿತು' ಎಂದು ವಾದಿಸಿದರೆ, ಮರಳಿ ಬಂದು ಏನೂ ಆಗದೆ ಹೋದವರಿಗೆ ಕೊಟ್ಟದ್ದು ವ್ಯರ್ಥವಾಯಿತು ಎಂದು ಒಪ್ಪಿಕೊಂಡಂತೆ.

ಹಾಗಾಗಿ ನನಗೆ ಕರುಣ್ ನಾಯರ್ ಪ್ರಸಂಗ ಹೆಚ್ಚು ಬೇಕಾದದ್ದು. ಅವರು ಬಿಟ್ಟವರಲ್ಲ, ಬಿಡಿಸಲ್ಪಟ್ಟವರು. ಅಷ್ಟು ವ್ಯತ್ಯಾಸ ನೆನಪಿರಲಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದ ಬೆಂಗಳೂರಿನ ಹುಡುಗ 2017ರ ನಂತರ ಭಾರತದ ಆಡುವ ಹನ್ನೊಂದರಿಂದ ಹೊರಗೆ, ಮುಂದೆ ಕರ್ನಾಟಕ ತಂಡದಿಂದಲೂ ಹೊರಗೆ. 2022ರ ಡಿಸೆಂಬರ್‌ನಲ್ಲಿ ಅವರು ಟ್ವಿಟರ್‌ನಲ್ಲಿ ಕ್ರಿಕೆಟ್ಟನ್ನೇ ಉದ್ದೇಶಿಸಿ ಇನ್ನೊಂದು ಅವಕಾಶ ಬೇಡಿಕೊಂಡರು. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 5 ಶತಕಗಳೊಡನೆ 779 ರನ್ ಮಾಡಿದರು. ಎಂಟು ವರ್ಷದ ಮೇಲೆ, 2025ರ ಇಂಗ್ಲೆಂಡ್ ಪ್ರವಾಸದಲ್ಲಿ, ಟೆಸ್ಟ್ ಕ್ಯಾಪ್ ಮತ್ತೆ ತಲೆಗೇರಿತು. ನಾಲ್ಕು ಟೆಸ್ಟ್‌ಗಳಲ್ಲಿ 205 ರನ್, ಒಂದು ಅರ್ಧಶತಕ. ಮುಂದಿನ ಸರಣಿಗೆ ಹೆಸರಿಲ್ಲ.

ಹಾಗಾದರೆ ಅವರಿಗೆ ಕೊಟ್ಟದ್ದು ತಪ್ಪಾಯಿತೆ? ನನ್ನ ಮಟ್ಟಿಗೆ ಖಂಡಿತ ಇಲ್ಲ. 779 ರನ್ ಮಾಡಿದವನನ್ನು ಆಡಿಸುವುದು ಆವತ್ತಿನ ಲೆಕ್ಕಕ್ಕೆ ಸರಿ, ಆಮೇಲೆ ಬಿಟ್ಟದ್ದೂ ಆವತ್ತಿನ ಲೆಕ್ಕಕ್ಕೆ ಸರಿಯಿರಬಹುದು. ಮೊದಲ ಸಲ ಬರುವವನಿಗೆ ನಾವು ಸೋಲುವ ಸ್ವಾತಂತ್ರ್ಯ ಕೊಟ್ಟೇ ಕಳಿಸುತ್ತೇವೆ. ಅವನ ಅರ್ಹತೆಯ ಮಾತೇ ಬರುವುದಿಲ್ಲ, ವೇಗ ಇದ್ದರೆ ಸಾಕು. ಎರಡನೇ ಸಲ ಬರುವವನಿಂದ ಮಾತ್ರ ಗೆಲುವಿನ ಮುಂಗಡ ಕೇಳುತ್ತೇವೆ.

ನಾನು ಹೇಳುವುದು ಇಷ್ಟು: ಬಿಟ್ಟು ಹೋಗಿ ಬಂದವನಿಗೆ ಟ್ರಯಲ್ಸ್‌ನಲ್ಲಿ ಓಡುವ ಹಕ್ಕಿದೆ, ತಂಡದಲ್ಲಿ ಸ್ಥಾನದ ಹಕ್ಕಿಲ್ಲ. ಟ್ರಯಲ್ಸ್‌ಗೆ ಕಾರಣ ಕೇಳಬೇಡಿ, ಕ್ಷಮಾಪಣೆ ಪತ್ರ ಬರೆಸಬೇಡಿ, ಯಾರ ಶಿಫಾರಸೂ ಬೇಡ. ನಾನೂರು ಮೀಟರ್‌ಗೆ ಸ್ಟಾಪ್‌ವಾಚ್ ಇದೆ. ಅದು ಯಾರ ಊರು, ಯಾರ ಮನೆ, ಎಷ್ಟು ದಿನ ತಪ್ಪಿಸಿದ ಎಂದು ಕೇಳುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಪ್ರಶ್ನೆ ಸಲೀಸಾಗಿತ್ತು. ಆದರೆ ರಿಲೇ ಇದೆ. ಇನ್ನೊಬ್ಬ ಹುಡುಗನೂ ಇದ್ದಾನೆ, ಅವನ ಪರವಾಗಿ ಮಾತಾಡುವವರು ಕಡಿಮೆ. ಇವನು ಬಿಟ್ಟು ಹೋದ ಎರಡು ವರ್ಷವೂ ಅವನು ಬಿಸಿಲಲ್ಲಿ ಸುತ್ತು ಹಾಕಿದ್ದಾನೆ. ಅವನ ಮನೆಯಲ್ಲೂ ಹುಳ ಇತ್ತು, ಅವನ ಊರಿನ ಹಾದಿಯಲ್ಲೂ ಆನೆ ಇತ್ತು. ಹೇಗೋ ಬಂದ. ಈಗ ತಿರುಗಿ ಬಂದವನು ಅವನಿಗಿಂತ ಅರ್ಧ ಸೆಕೆಂಡು ಮುಂದೆ ಓಡುತ್ತಾನೆ. ಪ್ರತಿಭೆ ಎಂಬುದು ಆ ಮಟ್ಟಿಗೆ ಅನ್ಯಾಯದ ವಸ್ತುವೇ. 'ವೇಗವೇ ಮಾತಾಡಲಿ' ಎಂದರೆ ಉಳಿದುಕೊಂಡವನ ಎರಡು ವರ್ಷಕ್ಕೆ ಬೆಲೆ ಏನು?

ವೈಯಕ್ತಿಕ ಓಟದಲ್ಲಿ ಬೆಲೆ ಇಲ್ಲ. ಅಲ್ಲಿ ಇಬ್ಬರೂ ಓಡಲಿ, ಮುಂದಿದ್ದವನು ಹೋಗಲಿ. ಕಷ್ಟಪಟ್ಟದ್ದಕ್ಕೆ ಪದಕ ಕೊಡುವ ಆಟ ಯಾವುದೂ ಇಲ್ಲ. ರಿಲೇಯಲ್ಲಿ ಹಾಗಲ್ಲ ಎನ್ನುತ್ತೇನೆ. ಬ್ಯಾಟನ್ ಬದಲಾವಣೆ ನಂಬಿಕೆಯ ಕೆಲಸ. ಅದರಲ್ಲೂ ನೂರರ ರಿಲೇಯಲ್ಲಿ ಮುಂದಿನವನು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚುತ್ತಾನೆ. ಯಾರ ಕೈಯಿಂದ ಬ್ಯಾಟನ್ ಬರುತ್ತದೆ ಎಂದು ಹೇಳುವ ಹಕ್ಕು ಆ ಕೈ ಚಾಚುವವನಿಗೆ ಇದೆ. ಆದ್ದರಿಂದ ತಿರುಗಿ ಬಂದವನು ಮೊದಲ ವರ್ಷ ರಿಲೇ ತಂಡದಲ್ಲಿರಬೇಕೆ ಎಂಬುದನ್ನು ಉಳಿದ ಮೂವರು ತೀರ್ಮಾನಿಸಲಿ. ಪ್ರಾಂಶುಪಾಲರು ಬೇಡ, ಮೇಷ್ಟ್ರೂ ಬೇಡ. ಮೂವರೂ 'ಬರಲಿ' ಎಂದರೆ ಬರಲಿ. ಬೇಡ ಎಂದರೆ ಅದನ್ನು ಹಗೆ ಎಂದು ತಿಳಿಯಬೇಕಾಗಿಲ್ಲ. ಇದರಿಂದ ಪದಕ ತಪ್ಪಬಹುದು ಎಂದು ಕಾಲೇಜುಗಳು ಹೇಳುತ್ತವೆ. ತಪ್ಪಲಿ.

ಆ ಮೂವರು ಏನನ್ನು ನೋಡಿ ತೀರ್ಮಾನಿಸುತ್ತಾರೆ? ನನ್ನ ಊಹೆಯಲ್ಲಿ, ಯಾಕೆ ಬಿಟ್ಟ ಎಂಬುದಕ್ಕಿಂತ ಹೇಗೆ ಬಿಟ್ಟ ಎಂಬುದನ್ನು. ತಿಂಗಳ ಮುಂಚೆ 'ಅಣ್ಣ, ನಂಗಾಗಲ್ಲ, ಬೇರೆಯವರ್ನ ನೋಡ್ಕಳಿ' ಎಂದು ಹೇಳಿ ಹೋದವನು ಬೇರೆ. ಕೂಟದ ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡಿಕೊಂಡು, ಬಿಬ್ ಚುಚ್ಚಿಕೊಂಡು ಕಾಯುತ್ತಿದ್ದ ಮೂವರ ಒಂದು ವರ್ಷವನ್ನು ಮಣ್ಣುಪಾಲು ಮಾಡಿದವನು ಬೇರೆ. ಬೈಲ್ಸ್ ನಡುವೆ ನಿಲ್ಲಿಸಿದರೂ ಹೇಳಿ ನಿಲ್ಲಿಸಿದರು. ಅವರ ಬದಲಿಗೆ ಜೊತೆಯ ಜೋರ್ಡನ್ ಚೈಲ್ಸ್ ಬಾರ್ಸ್ ಮತ್ತು ಬೀಮ್‌ಗೆ ಇಳಿದರು, ತಂಡಕ್ಕೆ ಬೆಳ್ಳಿ ಬಂತು. ಬಿಡುವುದು ಎಲ್ಲರ ಸ್ವಾತಂತ್ರ್ಯ, ಹೇಳದೆ ಬಿಡುವುದು ಮಾತ್ರ ಸಾಲ. ಆ ಸಾಲವನ್ನು ತೀರಿಸಬೇಕಾದದ್ದು ಸಂಸ್ಥೆಗೆ ಅಲ್ಲ, ಆ ಮೂವರಿಗೆ. ಕ್ರೀಡಾ ಕೋಟಾದಲ್ಲಿ ಸೀಟು, ಹಾಸ್ಟೆಲ್ ಪಡೆದು ಬಿಟ್ಟವನ ಲೆಕ್ಕ ಇನ್ನೊಂದು ಬಗೆಯದು. ಅದು ಹಣದ ವ್ಯವಹಾರ, ಬರೆದುಕೊಟ್ಟ ಷರತ್ತಿನಂತೆ ಇತ್ಯರ್ಥವಾಗಲಿ. ಅದನ್ನು ಶೀಲದ ಪ್ರಶ್ನೆ ಮಾಡುವುದು ಬೇಡ.

ಕಾಲದ ಮಾತೊಂದು ಉಳಿಯಿತು. ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ 25 ವರ್ಷದ ವಯೋಮಿತಿ ಇದೆ. ಇಪ್ಪತ್ತರಲ್ಲಿ ಬಿಟ್ಟು ಇಪ್ಪತ್ತಮೂರರಲ್ಲಿ ಬಂದವನಿಗೆ 'ನೋಡೋಣ, ಒಂದು ವರ್ಷ ಶಿಸ್ತಾಗಿ ಬಾ, ಆಮೇಲೆ' ಎನ್ನುವುದು ನಯವಾದ ನಿರಾಕರಣೆ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಐದು ವರ್ಷದೊಳಗೆ ನಾಲ್ಕು ಋತು ಆಡಬಹುದು ಎಂಬ ಕಟ್ಟಳೆ ಬಹುಕಾಲ ನಡೆದುಬಂದಿದೆ. ಎಂದರೆ ಒಂದು ವರ್ಷ ಜಾರಬಹುದು ಎಂಬುದನ್ನು ನಿಯಮವೇ ಮೊದಲೇ ಲೆಕ್ಕ ಹಿಡಿದಿದೆ. ನಮ್ಮಲ್ಲಿ ಬಿಟ್ಟವನಿಗೆ ಬಾಗಿಲು ತೆರೆದಿರುವುದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ, ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟದಲ್ಲಿ. ಅಲ್ಲಿ ಹೆಸರು ಕೊಟ್ಟರೆ ಸಾಕು, ಹೋದ ವರ್ಷ ಎಲ್ಲಿದ್ದೆ ಎಂದು ಯಾರೂ ಕೇಳರು. ಕಾಲೇಜು ಅದಕ್ಕಿಂತ ಬಿಗಿಯಾಗಿರಬೇಕೆಂದು ನನಗೇನೂ ತೋರುವುದಿಲ್ಲ.

ಎರಡನೇ ಸಲ ಬಂದವನು ಮತ್ತೆ ಬಿಟ್ಟರೆ? ಬಿಡಬಹುದು. ಹುಳದ ಮನೆಯಲ್ಲಿ ವರ್ಷಕ್ಕೆ ಒಂದೇ ಬೆಳೆಯೇನೂ ಅಲ್ಲ, ಅಪ್ಪನ ಸೊಂಟವೂ ಅದೇ. ಎಳೆಯ ಚಾಕಿ ಹುಳ ಮನೆಗೆ ತಂದ ದಿನವೇ ಹಣ್ಣಾಗುವ ವಾರ ಯಾವುದೆಂದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಹುಡುಗ ಆ ವಾರವನ್ನು ಮೇಷ್ಟ್ರಿಗೂ ಜೊತೆಯವರಿಗೂ ಮುಂಚೆಯೇ ತಿಳಿಸಲಿ, ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಆ ಏಳೆಂಟು ದಿನಕ್ಕೆ ರಜೆ ಎಂದು ಬರೆದುಕೊಳ್ಳಲಿ. ಪುಸ್ತಕದಲ್ಲಿ ಅದಕ್ಕೆ ಒಂದು ಕಾಲಂ ಎಳೆಯಬೇಕಾಗುತ್ತದೆ, ಅಷ್ಟೆ.