ಹಳೇ ಬ್ಲೇಡು ಯಾರಿಗೆ?

ಬಾಲ್ಕನಿಯಲ್ಲಿ ಮರಗೆಲಸ ಶುರು ಮಾಡಿದ್ದು ಲಾಕ್‌ಡೌನ್ ಟೈಮಲ್ಲಿ. ಮೊನ್ನೆ ನನ್ನ 7 ಇಂಚಿನ ಸರ್ಕ್ಯುಲರ್ ಸಾ ಪ್ಲೈವುಡ್ಡಿನ ಅಂಚನ್ನೆಲ್ಲ ಕಿತ್ತುಹಾಕತೊಡಗಿತು. ನೋಡಿದರೆ 24 ಹಲ್ಲುಗಳಲ್ಲಿ ಒಂದರ ಕಾರ್ಬೈಡ್ ತುದಿಯೇ ಹಾರಿಹೋಗಿದೆ! ಎಸ್‌ಜೆಪಿ ರೋಡಿಗೆ ಹೋಗಿ 40 ಹಲ್ಲಿನದು ತಂದೆ. ಕಡಿಮೆ ಹಲ್ಲಿನದು ಮರವನ್ನು ಉದ್ದಕ್ಕೆ ಬೇಗ ಸೀಳುತ್ತೆ. ಅಡ್ಡ ಕೊಯ್ಯೋಕೆ, ಪ್ಲೈವುಡ್ಡಿಗೆ ಹಲ್ಲು ಹೆಚ್ಚಿರಬೇಕು. ಇಷ್ಟನ್ನು ಅಂಗಡಿಯವರೇ ಹೇಳ್ತಾರೆ. ನಡುವಿನ ತೂತು ಸರಿಯಾಗಿ ಕೂರುತ್ತಾ, ಬ್ಲೇಡಿನ ಮೇಲೆ ಬರೆದ ಆರ್‌ಪಿಎಂ ಮೆಷೀನಿನದಕ್ಕಿಂತ ಕಡಿಮೆ ಇಲ್ಲ ತಾನೆ ಅನ್ನೋದನ್ನು ನಾವೇ ನೋಡ್ಕೋಬೇಕು.

ಕೆಳಗಿನ ಫ್ಲ್ಯಾಟಿನಲ್ಲಿ ವಾರ್ಡ್‌ರೋಬ್ ಮಾಡುತ್ತಿದ್ದ ಹಾವೇರಿ ಕಡೆಯ ಬಡಗಿ ಕೇಳಿದರು: "ಸರ್, ಹಳೇದು ಒಗೀತೀರೇನು? ನನಗ ಕೊಡ್ರಿ."

ಕೊಟ್ಟೆ. ಸಣ್ಣದೊಂದು ಹೆಮ್ಮೆಯೂ ಆಯಿತು ಅನ್ನಿ.

"ಯಾವ ಮೆಷೀನಿಗೆ?" ಅಂದೆ. ಅವರು ತೋರಿಸಿದ್ದು ಗ್ರೈಂಡರ್. ಗಾರ್ಡ್ ಬಿಚ್ಚಿಟ್ಟಿದ್ದಾರೆ, ವಾಷರ್ ಕೊಟ್ಟು ಕೂರಿಸ್ತಾರಂತೆ. ಅದರ ಮೇಲೆ 8500 ಅಂತ ಇತ್ತು. ನನ್ನ ಬ್ಲೇಡಿನ ಮೇಲೆ 7000.

ಕಠೋಪನಿಷತ್ತಿನಲ್ಲಿ ನಚಿಕೇತನ ಅಪ್ಪ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡ್ತಾನೆ. ಆ ಹಸುಗಳು ಪಾಪ ಯಾರ ಬೆರಳನ್ನೂ ಕತ್ತರಿಸುತ್ತಿರಲಿಲ್ಲ. ನನ್ನ ಬೆರಳಿಗೆ ಅಪಾಯ ಅಂತ ಬಿಚ್ಚಿಟ್ಟದ್ದು ಅವರ ಬೆರಳಿಗೆ ಹೇಗೆ ಸರಿಹೋಯ್ತು? ಆದರೆ ಇಪ್ಪತ್ತು ವರ್ಷದಿಂದ ಮರ ಕೊಯ್ಯುತ್ತಿರುವವರಿಗೆ ಯೂಟ್ಯೂಬ್ ನೋಡಿ ಕಲಿತ ನಾನು ಬುದ್ಧಿ ಹೇಳೋದಾ? ಊರಲ್ಲಿ ನಮ್ಮ ಆಚಾರ್ರು ಗರಗಸದ ಒಂದೊಂದೇ ಹಲ್ಲಿಗೆ ಅರ ಹಾಕುವಾಗ ಮಾತಾಡಿಸಿದರೇ ಸಿಟ್ಟಾಗುತ್ತಿದ್ದರು.

ರಾತ್ರಿಯೆಲ್ಲ ಇದೇ ಕೊರೆಯಿತು. ಬೆಳಿಗ್ಗೆ ಹೋಗಿ, "ಅಣ್ಣ, ಅದು ವಾಪಸ್ ಕೊಡಿ, ಡೇಂಜರ್" ಅಂದೆ.

"ಗೊತ್ತದ ಸರ್. ಹಂಗಾದ್ರ ಮೆಷೀನ್ ಕೊಡಸ್ರಿ," ಅಂತ ನಕ್ಕರು.

ನಗೋಕಾಗಲಿಲ್ಲ. ನನ್ನ ಸಾ ವಾರಕ್ಕೆ ಎರಡು ಗಂಟೆ ಓಡಿದರೆ ಹೆಚ್ಚು. ಮಿಕ್ಕ ದಿನವೆಲ್ಲ ಶೂ ರ್‍ಯಾಕಿನ ಪಕ್ಕ ಪೆಟ್ಟಿಗೆಯಲ್ಲಿರುತ್ತೆ. ಹಳೇ ಬ್ಲೇಡು ಕೊಡುವಾಗ ಯೋಚನೆ ಮಾಡದವನು, ಇದಕ್ಕೆ ಮಾತ್ರ ಮೆಟ್ಟಿಲ ಮೇಲೆ ಎರಡು ಸಲ ನಿಂತೆ.

ಸೋಮವಾರ ಕೊಟ್ಟೆ, ಹೊಸ ಬ್ಲೇಡಿನ ಸಮೇತ. ಶನಿವಾರ ಕೆಳಗಿಂದ ಅದರ ಸದ್ದು ಕೇಳಿಸುತ್ತಿತ್ತು. ನನ್ನ ಬುಕ್‌ಶೆಲ್ಫ್ ಅರ್ಧಕ್ಕೆ ನಿಂತಿದೆ. ವಾಪಸ್ ಕೇಳೋಣ ಅಂತ ಹೋಗಿ, ಟೀ ಕುಡಿದು ಬಂದೆ.