ತಾಟಿಗೆ ಬಡಿಸುವವರ ಹೊಣೆ

ಅಸಲು ಬೇರೆ, ಲಾಭ ಬೇರೆ ಎಂದು ವ್ಯಾಪಾರಸ್ಥ ಭಕ್ತರಿಗೆ ಹೇಳಬೇಕಾಗಿಲ್ಲ. ಒಕ್ಕಲುತನದವರಂತೂ ಎಂಥ ಬರಗಾಲದಲ್ಲೂ ಬಿತ್ತುವ ಕಾಳಿಗೆ ಕೈ ಹಚ್ಚಲು ಹಿಂಜರಿಯುತ್ತಾರೆ. ನಮ್ಮ ದೇಹದಲ್ಲಿಯೂ ಇಂಥ ಬಿತ್ತುವ ಕಾಳು ಇದೆ. ವಿಜ್ಞಾನಿಗಳು ಅದಕ್ಕೆ ಸ್ಟೆಮ್ ಸೆಲ್, ಎಂದರೆ ಮೂಲಕೋಶ ಎನ್ನುತ್ತಾರೆ. ರಕ್ತ, ಚರ್ಮ, ಕರುಳಿನ ಒಳಪದರ ಸವೆದಂತೆಲ್ಲ ಹೊಸದನ್ನು ಕಟ್ಟಿಕೊಡುವುದು ಇದೇ. ಅದು ಒಡೆದು ಎರಡಾದಾಗ ಸಾಮಾನ್ಯವಾಗಿ ಒಂದು ದುಡಿಯಲು ಹೋಗುತ್ತದೆ, ಇನ್ನೊಂದು ಅಸಲಾಗಿ ಉಳಿಯುತ್ತದೆ. (ನಾವು ಓದಿದ್ದು ವಾಣಿಜ್ಯ, ಲೆಕ್ಕದ ಮಾತೇ ಬಾಯಿಗೆ ಬರುತ್ತದೆ.)

ಈ ಅಸಲಿಗೂ ಊಟಕ್ಕೂ ಏನು ಸಂಬಂಧ? ಅಮೆರಿಕೆಯ ವಿಜ್ಞಾನಿಗಳಾದ ಡ್ರಮಂಡ್-ಬಾರ್ಬೊಸಾ ಮತ್ತು ಸ್ಪ್ರಾಡ್ಲಿಂಗ್ ಇದನ್ನು ಹಣ್ಣಿನ ನೊಣಗಳಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಪ್ರೋಟೀನು ತುಂಬಿದ ಆಹಾರ ತಿಂದ ಹೆಣ್ಣು ನೊಣಗಳು ಉಳಿದವಕ್ಕಿಂತ ಸುಮಾರು 60 ಪಟ್ಟು ಹೆಚ್ಚು ತತ್ತಿ ಇಟ್ಟವು. ಅಂಡಾಶಯದ ಮೂಲಕೋಶ ತಾಟನ್ನು ಕಂಡಿಲ್ಲ. ಮಿದುಳಿನಿಂದ ಹೊರಡುವ, ಇನ್ಸುಲಿನ್ನನ್ನು ಹೋಲುವ ಹಾರ್ಮೋನು ಅದಕ್ಕೆ ಸುದ್ದಿ ಮುಟ್ಟಿಸಬೇಕು. ಸುದ್ದಿ ಕಡಿಮೆಯಾದರೆ ಅದು ನಿಧಾನಿಸುತ್ತದೆ, ಒಳ್ಳೆಯ ಆಹಾರ ಮರಳಿದರೆ ಮತ್ತೆ ಚುರುಕಾಗುತ್ತದೆ. ಇದು ದೇಹದ ಜಾಣತನ. ಆದರೆ 2009ರ ಶೋಧ ನಮ್ಮನ್ನು ಯೋಚನೆಗೆ ಹಚ್ಚಿತು. ಇನ್ಸುಲಿನ್ನಿನ ಸುದ್ದಿ ಸಾಲದಾದಾಗ ಮೂಲಕೋಶವನ್ನು ಹಿಡಿದುಕೊಂಡ ನೆರೆಯ ಕೋಶಗಳೇ ಕಡಿಮೆಯಾಗುತ್ತವೆ. ಹಿಡಿತ ಸಡಿಲಾಗಿ ಮೂಲಕೋಶ ಕಳಚಿ ಹೋಗುತ್ತದೆ. ಅಸಲೇ ಹೋಯಿತು.

ನೊಣದ ಲೆಕ್ಕವನ್ನು ಹಾಗೆಯೇ ಮನುಷ್ಯನಿಗೆ ಇಳಿಸಬಾರದು. ಹೆಚ್ಚು ತಿಂದರೆ ಒಳ್ಳೆಯದೆಂದೂ ಅಲ್ಲ. ಅತಿ ಕೊಬ್ಬು ತಿಂದ ಇಲಿಗಳ ಕರುಳಲ್ಲಿ ಮೂಲಕೋಶಗಳು ಹೆಚ್ಚಿದವು, ಗೆಡ್ಡೆಯ ಅಪಾಯವೂ ಹೆಚ್ಚಿತೆಂದು 2016ರಲ್ಲಿ ಕಂಡುಬಂತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ತಾನಾಗಿ ಉಪವಾಸ ಹಿಡಿದವನು ತನ್ನ ಗಂಟನ್ನು ಮುಟ್ಟುತ್ತಾನೆ. ಇನ್ನೊಬ್ಬರ ತಾಟನ್ನು ನಿರ್ಧರಿಸುವವನು ಯಾರ ಗಂಟನ್ನು ಮುಟ್ಟುತ್ತಾನೆ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಂಡಸರು, ಬಂದವರು ಉಂಡೆದ್ದ ಮೇಲೆ ಹೆಣ್ಣುಮಕ್ಕಳು ಕೂಡುತ್ತಾರೆ. ಅಷ್ಟೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ. ಬೇಳೆ, ಕಾಳುಪಲ್ಯ, ಮೊಸರು ಮುಗಿದಿರುತ್ತದೆ. ಯಾರೂ ಕೇಡು ಬಯಸಿರುವುದಿಲ್ಲ. ಹೊಟ್ಟೆ ತುಂಬಿತೇ ಎಂದು ಕೇಳಿದರೆ ತುಂಬಿತೆಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆ ನೊಣಗಳೂ ಉಪವಾಸ ಬಿದ್ದಿರಲಿಲ್ಲ. ತಿನ್ನಲು ಇತ್ತು, ಪ್ರೋಟೀನು ಸಾಲದಿತ್ತು.

ದುಡಿಯುವವರಿಗೆ ಮೊದಲು ಬಡಿಸಬೇಕೆಂಬ ವಾದವನ್ನು ನಾವು ಒಪ್ಪುತ್ತೇವೆ. ಕಳೆ ತೆಗೆಯುವವರು, ರಾಶಿಯ ಹೊತ್ತಿಗೆ ಕಾಳು ಹಸನು ಮಾಡುವವರು ಯಾರೆಂದು ಹೊಲದಲ್ಲಿ ಒಮ್ಮೆ ನಿಂತು ನೋಡಿದರೆ ಯಾರ ತಾಟು ಮೊದಲೆಂದು ತಿಳಿಯುತ್ತದೆ.